ಕುಂಡದ ಕುಬ್ಜವೃಕ್ಷಗಳಿಗೆ ತಗಲುವ ಎಲೆಚುಕ್ಕೆ ರೋಗವೂ ಅದರ ನಿವಾರಣೋಪಾಯವೂ

ಆಳವಿಲ್ಲದ ಕುಂಡದಲ್ಲಿ ದೊಡ್ಡ ಮರವನ್ನು ಗೇಣುದ್ದದ ಆಕಾರದಲ್ಲಿ ಬೆಳೆಯಿಸುವ ಕಲೆಯು ಚೀನಾ ದೇಶದಲ್ಲಿ ಹುಟ್ಟಿ, ಜಪಾನಿನಲ್ಲಿ ಪರಿಷ್ಕಾರವನ್ನು ಹೊಂದಿ, ಬೋನ್‌ಸಾಯ್ ಎಂಬ ಹೆಸರಿನಿಂದ ಈಗ ಕನ್ನಡನಾಡಿನ ಪಟ್ಟಣಗಳಲ್ಲಿಯೂ ಪ್ರಚಾರಕ್ಕೆ ಬಂದಿರುವುದು. ಇಂಥ ಗಿಡಗಳು ಅಲ್ಪಾಯುಷಿಗಳೆಂದು ಕೆಲವರು ತಿಳಿದಿರುವುದು ಸರಿಯಲ್ಲ. 1625ರಿಂದ ಪಾಲಿತವಾದ ಬಿಳಿ ಪೈನ್ ಮರವೊಂದು 1945ರಲ್ಲಿ ಹಿರೋಷಿಮಾ ನಗರಕ್ಕೆ ಬಿದ್ದ ಪರಮಾಣು ಬಾಂಬಿಗೂ ಅಳಿಯದೆ ಉಳಿದು, 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಸಲ್ಲಿತು. ಅಷ್ಟು ಗಟ್ಟಿ ಜೀವದ ಗಿಡಗಳನ್ನು ಕೂಡ ಪಾಲಕನ ಅಲಕ್ಷ್ಯವು ಎರಡು ಮಳೆಗಾಲಗಳಲ್ಲಿ ಕೊಲ್ಲಬಲ್ಲುದು.

ತೋಟದ ಮಾವಿನ ಮರದಲ್ಲಿ ನೂರಾರು ಎಲೆಗಳು ಚುಕ್ಕೆ ಹಿಡಿದು ಉದುರಿದರೂ ಮರಕ್ಕೆ ಹೇಳಿಕೊಳ್ಳುವಂಥ ಹಾನಿಯಿಲ್ಲ. ಕುಬ್ಜವೃಕ್ಷದ ಸ್ಥಿತಿಯೇ ಬೇರೆ. ಅದಕ್ಕಿರುವ ಎಲೆಗಳು ಕೆಲವೇ. ಕತ್ತರಿಸಿ ಕಿರಿದುಮಾಡಿದ ಬೇರುಗಳಲ್ಲಿ ಕೂಡಿಟ್ಟ ಆಹಾರವೂ ಸ್ವಲ್ಪವೇ. ಎಲೆಗಳು ಒಂದರ ಮೇಲೊಂದು ಸಲ ಉದುರಿದರೆ ಕೊಂಬೆಯು ತುದಿಯಿಂದ ಒಣಗುತ್ತ ಬರುವುದು. ಹತ್ತು ವರ್ಷ ತಂತಿ ಸುತ್ತಿ ಬಾಗಿಸಿದ ಕೊಂಬೆಯೊಂದು ಸತ್ತರೆ ಆ ಸ್ಥಾನವು ಬರಿದಾಗಿಯೇ ಉಳಿಯುವುದುಂಟು.

ಈ ರೋಗಕ್ಕೆ ಕಾರಣ ಬೂಷ್ಟು. ಸರ್ಕಾಸ್ಪೊರ, ಕೊಲಿಟೋಟ್ರೈಕಮ್, ಫಿಲೊಸ್ಟಿಕ್ಟ ಮೊದಲಾದ ಹಲವು ಜಾತಿಯ ಬೂಷ್ಟುಗಳು ಎಲೆಯ ಮೇಲೆ ಚುಕ್ಕೆಗಳನ್ನುಂಟುಮಾಡುವುವು. ಇವುಗಳ ಬೀಜಾಣುಗಳು ಉದುರಿದ ಎಲೆಗಳಲ್ಲಿ ಅಡಗಿದ್ದು, ಗಾಳಿಯಿಂದಲೂ ನೀರಿನ ಹನಿ ಸಿಡಿಯುವುದರಿಂದಲೂ ಹೊಸ ಎಲೆಗಳನ್ನು ಸೇರುವುವು. ಆದರೆ ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ನೀರಿನ ತೇವವು ನಿಲ್ಲದಿದ್ದರೆ ಬೀಜಾಣುವು ಮೊಳೆತು ಒಳಹೊಗಲಾರದು. ರೋಗದ ಮರ್ಮವೆಲ್ಲವೂ ಇಲ್ಲಿರುವುದು. ಸಂಜೆಯಲ್ಲಿ ಗಿಡದ ತಲೆಯ ಮೇಲೆ ನೀರು ಚಿಮುಕಿಸುವ ವಾಡಿಕೆಯು ರಾತ್ರಿಯಿಡೀ ಬೂಷ್ಟಿಗೆ ಬೇಕಾದ ತೇವವನ್ನು ಒದಗಿಸಿಕೊಡುವುದು.

ಔಷಧಿಗೆ ಕೈಹಾಕುವ ಮೊದಲು ಚುಕ್ಕೆಯು ಬೂಷ್ಟಿನದೇ ಎಂಬುದನ್ನು ನಿಶ್ಚಯಿಸತಕ್ಕದ್ದು. ಆಲ, ಗೋಳಿ ಮುಂತಾದ ಫೈಕಸ್ ಜಾತಿಯ ಕೆಲವು ಗಿಡಗಳ ಎಲೆಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಬೊಟ್ಟುಗಳು ಸಮವಾಗಿ ಹರಡಿರುವುದುಂಟು. ಇವು ಸುಣ್ಣದ ಹರಳುಗಳನ್ನೊಳಗೊಂಡ ಕೋಶಗಳು, ರೋಗವಲ್ಲ. ಎಲ್ಲ ಎಲೆಗಳಲ್ಲಿಯೂ ಒಂದೇ ರೀತಿಯಾಗಿದ್ದು, ದಿನ ಕಳೆದರೂ ಹಿಗ್ಗದೆ, ಸುತ್ತಲೂ ಹಳದಿಯ ಬಣ್ಣ ತಿರುಗದೆ ಇದ್ದರೆ ಅಂಥವನ್ನು ಬಿಟ್ಟುಬಿಡಬಹುದು. ಇವಕ್ಕೂ ಔಷಧಿ ಎರಚಿ ಗಿಡವನ್ನು ಬಳಲಿಸಿದವರು ಇಲ್ಲದಿಲ್ಲ. ಎಲೆಯ ತುದಿಯೂ ಅಂಚೂ ಮಾತ್ರ ಕಂದಿ ಸುಟ್ಟಂತಾಗಿದ್ದರೆ ಕೊಳವೆ ಬಾವಿಯ ಉಪ್ಪುನೀರನ್ನೋ ಅತಿಯಾದ ಗೊಬ್ಬರವನ್ನೋ ಸಂಶಯಿಸಬೇಕು. ಬಿಸಿಲಿಗೆ ಎದುರಾದ ಎಲೆಗಳು ಮಾತ್ರ ಕಂದಿದ್ದರೆ ಅದು ಬಿಸಿಲಿನ ಬೇಗೆ.

ದಾಳಿಂಬೆಯ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಬಿಜಾಪುರ, ಬಾಗಲಕೋಟೆ, ಕೊಪ್ಪಳ ಪ್ರಾಂತಗಳ ತೋಟಗಾರರನ್ನು ಕಂಗೆಡಿಸಿದ ದುಂಡಾಣು ಅಂಗಮಾರಿ ರೋಗವು ಕುಂಡದ ದಾಳಿಂಬೆಗೂ ತಗಲಬಲ್ಲುದು. ಅದರ ಚುಕ್ಕೆಯು ಮೊದಲು ಎಣ್ಣೆ ತಾಕಿದಂತೆ ಇದ್ದು, ಬೆಳಕಿಗೆ ಹಿಡಿದಾಗ ಪಾರಕವಾಗಿ ಕಾಣುವುದು. ಚುಕ್ಕೆಯ ಅಂಚನ್ನು ಹರಿತವಾದ ಅಲಗಿನಿಂದ ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟರೆ, ದುಂಡಾಣುವಿನ ರೋಗದಲ್ಲಿ ಕತ್ತರಿಸಿದ ಸ್ಥಳದಿಂದ ಹಾಲಿನಂಥ ಎಳೆಯು ಹೊರಡುವುದನ್ನು ಕಾಣಬಹುದು. ತಾಮ್ರದ ಔಷಧಿಗಳನ್ನುಳಿದು ಬೂಷ್ಟಿಗೆ ಹೇಳಿದ ಇತರ ಔಷಧಿಗಳು ಈ ರೋಗಕ್ಕೆ ನಿಷ್ಪ್ರಯೋಜಕ.

ಬೂಷ್ಟಿನ ಚುಕ್ಕೆಯು ಬಹುಮಟ್ಟಿಗೆ ದುಂಡಾಗಿ, ನಡುವೆ ಬೂದು ಅಥವಾ ಕಂದು ಬಣ್ಣವಾಗಿ, ಅಂಚು ಕಪ್ಪಾಗಿ, ಸುತ್ತಲೂ ಹಳದಿ ಬಳೆಯನ್ನು ಹೊಂದಿರುವುದು. ಹತ್ತು ಪಾಲು ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡಿದರೆ ನಡುವೆ ಸಾಸಿವೆಗಿಂತ ಬಹು ಸಣ್ಣ ಕಪ್ಪು ಕಾಳುಗಳು ಕಾಣುವುದುಂಟು. ಇವೇ ಬೀಜಾಣುಗಳ ಗೂಡುಗಳು. ಸಂಶಯ ಉಳಿದರೆ ಎಲೆಯನ್ನು ಒದ್ದೆ ಒತ್ತುಕಾಗದದೊಡನೆ ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಎರಡು ಮೂರು ದಿನ ಇಟ್ಟು ನೋಡುವುದು. ಚುಕ್ಕೆಯ ಮೇಲೆ ನಸುಗೆಂಪು ಜಿಗುಟೋ ಬೂದು ನವುರೋ ಎದ್ದರೆ ಬೂಷ್ಟೆಂದು ತಿಳಿಯಬಹುದು.

ಪರಿಹಾರವು ಕತ್ತರಿಯಿಂದ ಆರಂಭವಾಗತಕ್ಕದ್ದು. ಚುಕ್ಕೆ ಹಿಡಿದ ಎಲೆಗಳನ್ನೂ ಕುಂಡದಲ್ಲಿ ಬಿದ್ದವುಗಳನ್ನೂ ಆರಿಸಿ ಸುಡಬೇಕು; ಗೊಬ್ಬರದ ಗುಂಡಿಗೆ ಹಾಕಕೂಡದು. ಅರ್ಧಕ್ಕಿಂತ ಹೆಚ್ಚು ಎಲೆಗಳಿಗೆ ರೋಗ ತಗಲಿದ್ದರೆ ಎಲ್ಲವನ್ನೂ ಒಂದೇ ದಿನ ಕೀಳದೆ ಹೆಚ್ಚು ಕೆಟ್ಟವನ್ನು ಮಾತ್ರ ತೆಗೆಯುವುದು ಲೇಸು. ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರಸಬೇಕು. ನೀರನ್ನು ಬೆಳಗ್ಗೆ ಮಣ್ಣಿಗೆ ಮಾತ್ರ ಹಾಕಿ, ಒತ್ತಾದ ಕಿರುರೆಂಬೆಗಳನ್ನು ಬಿಡಿಸಿ, ಗಾಳಿಯಾಡುವಂತೆ ಕುಂಡಗಳನ್ನು ದೂರದೂರವಿಡುವುದು. ಎಷ್ಟೋ ಸಂದರ್ಭಗಳಲ್ಲಿ ಇಷ್ಟರಿಂದಲೇ ರೋಗವು ನಿಲ್ಲುವುದು.

ನಿಲ್ಲದಿದ್ದರೆ ಬೋರ್ಡೋ ಮಿಶ್ರಣವು ಹಳೆಯದಾದರೂ ನಂಬತಕ್ಕ ಔಷಧಿ. ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬ ವಿದ್ವಾಂಸನು 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಇದನ್ನು ಪ್ರಕಟಿಸಿದನು. ಮೈಸೂರಿನಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದುದರಿಂದ ಮಲೆನಾಡಿನವರಿಗೆ ಇದು ಹೊಸದಲ್ಲ. ಕೆಲವೇ ಕುಂಡಗಳಿಗೆ ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, 10 ಗ್ರಾಂ ಸುಡುಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿಯೂ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುತ್ತ ಕಲಕಬೇಕು. ಮೆರುಗು ಕೊಟ್ಟ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದರ್ಥ, ಇನ್ನಷ್ಟು ಸೇರಿಸಬೇಕು. ಸೋಸಿ ಅದೇ ದಿನ ಉಪಯೋಗಿಸುವುದು. ಎಳೆಯ ಎಲೆಗಳಿಗೆ ಅರ್ಧ ಬಲದ ಮಿಶ್ರಣವೇ ಸಾಕು. ಪ್ಲಮ್, ಪೀಚ್ ಗಿಡಗಳ ಎಲೆಗಳು ತಾಮ್ರವನ್ನು ಸಹಿಸವು. ಅವಕ್ಕೆ ಮ್ಯಾಂಕೊಜೆಬ್ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ ಎರಚಬಹುದು. ಯಾವುದೇ ಆಗಲಿ, ಮೊದಲು ನಾಲ್ಕೈದು ಎಲೆಗಳ ಮೇಲೆ ಪರೀಕ್ಷಿಸಿ, ಮೋಡವಿಲ್ಲದ ಬೆಳಗಿನಲ್ಲಿ ಎಲೆಯ ಅಡಿಭಾಗವೂ ನೆನೆಯುವಂತೆ, ಹತ್ತರಿಂದ ಹದಿನಾಲ್ಕು ದಿನಗಳಿಗೊಮ್ಮೆ ಎರಡು ಮೂರಾವರ್ತಿ ಎರಚಬೇಕು. ತಾಮ್ರವು ಹಾವಸೆಯನ್ನು ಕೊಲ್ಲುವುದರಿಂದ ಕುಂಡದ ಮಣ್ಣನ್ನು ಬಟ್ಟೆಯಿಂದ ಮುಚ್ಚತಕ್ಕದ್ದು. ಕೈಗವಸನ್ನೂ ಮುಖವಸ್ತ್ರವನ್ನೂ ಮರೆಯಬಾರದು.

ಹೊಸದಾಗಿ ಕೊಂಡ ಗಿಡವನ್ನು ಮೂರು ನಾಲ್ಕು ವಾರ ಪ್ರತ್ಯೇಕವಾಗಿಡುವುದು ಒಳ್ಳೆಯದು. ಚೀನಾದಿಂದ ತರಿಸಿದ ಎಲ್ಮ್ ಜಾತಿಯ ಕುಬ್ಜವೃಕ್ಷಗಳೊಡನೆ ಕಪ್ಪುಚುಕ್ಕೆ ರೋಗವು ಇಂಗ್ಲೆಂಡಿಗೂ ಬಂದುದನ್ನು ಅಲ್ಲಿನ ಸಸ್ಯ ಪರೀಕ್ಷಕರು ಪತ್ತೆಹಚ್ಚಿರುವರು.

ಔಷಧಿ ಎರಚಿದ ಮೇಲೆ ಹಳೆಯ ಚುಕ್ಕೆಗಳು ಮಾಯದಿರುವುದನ್ನು ಕಂಡು ಕೆಲವರು ಪ್ರಮಾಣವನ್ನು ಇಮ್ಮಡಿ ಮಾಡುವರು. ಸತ್ತ ಎಲೆಭಾಗಕ್ಕೆ ಮತ್ತೆ ಜೀವ ಬರುವಂತಿಲ್ಲ. ಬೂಷ್ಟು ಸತ್ತರೂ ಕಲೆಯು ಎಲೆಯೊಡನೆಯೇ ಹೋಗಬೇಕು. ನೋಡತಕ್ಕದ್ದು ಮುಂದಿನ ಚಿಗುರನ್ನು. ಅದು ಬಲಿತ ಮೇಲೆಯೂ ನಿರ್ಮಲವಾಗಿದ್ದರೆ ಎರಚುವುದನ್ನು ನಿಲ್ಲಿಸಬಹುದು.