ಗೆದ್ದರೂ ಮರಳದ ಸುಂಕ

ಒಂದೇ ಸಂತೆಯಲ್ಲಿ ಅಂಗಡಿಗೊಂದು ಅಳತೆಯ ಸೇರು ಇದ್ದರೆ ವ್ಯಾಪಾರ ನಡೆದೀತೆ? ಯುರೋಪಿನ ಆರ್ಥಿಕ ಸಮುದಾಯಕ್ಕೆ ಇಂಥದೇ ತೊಡಕು ಎದುರಾಯಿತು. ಧಾನ್ಯಕ್ಕೆ ಎಲ್ಲೆಡೆ ಒಂದೇ ಬೆಲೆ. ಆದರೆ ನಾಣ್ಯಗಳು ಹಲವು. 1969ರಲ್ಲಿ ಫ್ರಾನ್ಸಿನ ಫ್ರಾಂಕ್ ಮೌಲ್ಯ ಇಳಿಯಿತು, ಜರ್ಮನಿಯ ಮಾರ್ಕ್ ಏರಿತು. ಈ ವ್ಯತ್ಯಾಸ ಸರಿದೂಗಿಸಲು 1971ರಲ್ಲಿ ಗಡಿಯಲ್ಲಿ ಪರಿಹಾರ ಮೊತ್ತದ ಪದ್ಧತಿ ಬಂದಿತು. ನಾಣ್ಯ ದುರ್ಬಲವಾದ ದೇಶದಲ್ಲಿ ರಫ್ತಿಗೆ ಸುಂಕ, ಆಮದಿಗೆ ಸಹಾಯಧನ. ನಾಣ್ಯ ಬಲವಾದ ದೇಶದಲ್ಲಿ ಇದರ ತಿರುವುಮುರುವು.

ಲೆಕ್ಕ ತಪ್ಪಿದ್ದು ಮೆಕ್ಕೆಜೋಳದ ಪಿಷ್ಟದಲ್ಲಿ. ಜೋಳದಿಂದ ತಯಾರಾದ ವಸ್ತುಗಳ ಒಟ್ಟು ಸುಂಕ, ಅಷ್ಟೇ ಜೋಳದ ಮೇಲಿನ ಸುಂಕವನ್ನೂ ಮೀರಿತ್ತು. ಫ್ರಾನ್ಸಿನ ರೊಕೆಟ್ ಫ್ರೆರ್ ಸಂಸ್ಥೆ ದಾವೆ ಹೂಡಿತು. 1980ರ ಅಕ್ಟೋಬರ್ 15ರಂದು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯವು ಆ ದರ ಅಸಿಂಧುವೆಂದು ಸಾರಿತು. ಆದರೆ ತೀರ್ಪಿಗೆ ಹಿಂದಿನ ವಸೂಲಿಯನ್ನು ಪ್ರಶ್ನಿಸುವಂತಿಲ್ಲ ಎಂದೂ ಹೇಳಿತು. ದಾವೆ ಹೂಡಿದವರಿಗೂ ಬರಿಗೈ!

1993ರ ಆರಂಭದಲ್ಲಿ ಈ ಪದ್ಧತಿಯೇ ರದ್ದಾಯಿತು. ಮರುವರ್ಷ, ಜರ್ಮನಿಯ ಸುಂಕದ ಕಚೇರಿಯೊಡನೆ ಇದೇ ಸಂಸ್ಥೆಗಿದ್ದ ವ್ಯಾಜ್ಯದಲ್ಲಿ ನ್ಯಾಯಾಲಯ ತನ್ನ ನಿಲುವನ್ನು ಸಡಿಲಿಸಿತು: ತೀರ್ಪಿಗೆ ಮೊದಲೇ ತಕರಾರು ಸಲ್ಲಿಸಿದವರಿಗೆ ಅದರ ಫಲ ದಕ್ಕಬೇಕು. ಲೆಕ್ಕದ ತಪ್ಪನ್ನು ತೋರಿಸಿಕೊಟ್ಟವನಿಗೇ ನ್ಯಾಯ ಸಿಗದಿದ್ದರೆ, ಮುಂದೆ ತಪ್ಪು ಹುಡುಕುವವರು ಯಾರು?