ವಿಹಾರದ ಹಡಗಿನಿಂದ ಇಳಿಯುವ ದಿನ

ಕಡಲಿನಿಂದ ಬಹುದೂರದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ ವಾಸಿಸುವ ನಮಗೆ ಹಡಗಿನ ಮಾತು ಏತಕ್ಕೆಂದು ಕೆಲವರು ಕೇಳಬಹುದು. ಆದರೆ ಬೆಂಗಳೂರಿನ ಹೊರವಲಯಕ್ಕೂ ಕಡಲಿಗೂ ಇರುವ ಸಂಬಂಧವು ನಾವು ಎಣಿಸಿರುವುದಕ್ಕಿಂತ ಹತ್ತಿರದ್ದು. ವೈಟ್‌ಫೀಲ್ಡಿನಲ್ಲಿ ಕಂಟೈನರುಗಳಿಗಾಗಿ ಒಂದು ಒಳನಾಡಿನ ಬಂದರು ಉಂಟು. ಚೆನ್ನೈಯಲ್ಲಿ ಹಡಗಿನಿಂದ ಇಳಿದ ಸರಕು ರೈಲಿನ ಮೂಲಕ ಅಲ್ಲಿಗೆ ಬಂದು, ಸುಂಕದ ಅಧಿಕಾರಿಗಳ ಪರೀಕ್ಷೆಯಾದ ತರುವಾಯವೇ ಕಾರ್ಖಾನೆಗಳನ್ನು ಸೇರುತ್ತದೆ. ಸರಕು ಮಾತ್ರವಲ್ಲದೆ, ಈಚಿನ ವರುಷಗಳಲ್ಲಿ ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಭಾಗಗಳ ಅನೇಕ ಕುಟುಂಬಗಳು ರಜೆಯ ಕಾಲದಲ್ಲಿ ವಿಹಾರದ ಹಡಗನ್ನೇರಿ ಬರುವ ವಾಡಿಕೆಯೂ ಆಗಿದೆ. 2022ನೆಯ ಇಸವಿಯ ಜೂನ್ ತಿಂಗಳಲ್ಲಿ 'ಎಂಪ್ರೆಸ್' ಎಂಬ ಹಡಗು ಚೆನ್ನೈ ಬಂದರಿನಿಂದ ವಿಹಾರಯಾತ್ರೆಯನ್ನು ಆರಂಭಿಸಿತು. 2023ರ ಜೂನ್ ತಿಂಗಳಲ್ಲಿ ಅಲ್ಲಿಂದಲೇ ಶ್ರೀಲಂಕೆಗೂ ಯಾತ್ರೆ ಮೊದಲಾಯಿತು. ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗನ್ನೇರುವವರೂ ಇದ್ದಾರೆ.

ಹೀಗೆ ಹೊರಡುವವರು ಹತ್ತುವ ದಿನದ ವಿಷಯವಾಗಿ ಹತ್ತು ಮಂದಿಯನ್ನು ವಿಚಾರಿಸುತ್ತಾರೆ. ಇಳಿಯುವ ದಿನದ ವಿಷಯವಾಗಿ ವಿಚಾರಿಸುವವರು ಅಪರೂಪ. ವಾಸ್ತವದಲ್ಲಿ ತೊಡಕುಗಳು ಹೆಚ್ಚಾಗಿ ಕಂಡುಬರುವುದು ಆ ಕಡೆಯ ದಿನದಲ್ಲಿಯೇ. ಆದುದರಿಂದ ಅಂದು ಏನೇನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ನಮ್ಮ ವಾಚಕರಿಗೆ ಕ್ರಮವಾಗಿ ತಿಳಿಸಬೇಕೆಂದು ಇದನ್ನು ಬರೆಯುತ್ತೇವೆ.

ಮೊದಲು ಕಾರಣವನ್ನು ತಿಳಿಯೋಣ. ಮನೆಗೆ ಬಂದ ನೆಂಟರನ್ನು ಹೊರಡಿಸುವಾಗ ನಾವು ಅವಸರಪಡಿಸುವುದಿಲ್ಲ. ಹಡಗಿನವರು ಮಾತ್ರ ಅವಸರಪಡಿಸುತ್ತಾರೆ. ಇದು ಅನಾದರವಲ್ಲ. ವಿಹಾರದ ಹಡಗು ಸಾಮಾನ್ಯವಾಗಿ ಮುಂಜಾನೆ ರೇವನ್ನು ಸೇರಿ, ಅದೇ ದಿನ ಸಾಯಂಕಾಲ ಹೊಸ ಯಾತ್ರಿಕರೊಡನೆ ಹೊರಡುತ್ತದೆ. ನಡುವೆ ದೊರೆಯುವ ಕೆಲವೇ ಗಂಟೆಗಳಲ್ಲಿ ಹಳಬರೆಲ್ಲರೂ ಇಳಿಯಬೇಕು, ಕೊಠಡಿಗಳು ಶುದ್ಧವಾಗಬೇಕು, ಹಾಸಿಗೆಗಳ ಹೊದಿಕೆ ಬದಲಾಗಬೇಕು, ಅಕ್ಕಿ ಬೇಳೆ ತರಕಾರಿ ಹಾಲುಗಳು ಹಡಗಿಗೆ ಏರಬೇಕು. 1990ರಲ್ಲಿ ಫ್ರಾನ್ಸ್ ದೇಶದಲ್ಲಿ ಕಟ್ಟಲ್ಪಟ್ಟ 'ಎಂಪ್ರೆಸ್' ಈಗಿನ ಲೆಕ್ಕದಲ್ಲಿ ಸಣ್ಣ ಹಡಗೇ. ಆದರೂ ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಯಾತ್ರಿಕರಿಗೆ ಎಡೆಯುಂಟು. 2024ರಲ್ಲಿ ಮೊದಲ ಯಾತ್ರೆಯನ್ನು ಕೈಕೊಂಡ 'ಐಕಾನ್ ಆಫ್ ದ ಸೀಸ್' ಎಂಬುದರಲ್ಲಿ 7,000ಕ್ಕೂ ಹೆಚ್ಚು ಮಂದಿ ಹಿಡಿಯುತ್ತಾರೆ. ಇಷ್ಟು ಜನರು ತಮಗೆ ತೋಚಿದ ಹೊತ್ತಿಗೆ ತಮ್ಮ ತಮ್ಮ ಪೆಟ್ಟಿಗೆಗಳನ್ನು ಎಳೆದುಕೊಂಡು ಒಂದೇ ಬಾಗಿಲಿಗೆ ಬಂದರೆ ಯಾರೂ ಸುಖವಾಗಿ ಇಳಿಯಲಾರರು. ಆದಕಾರಣ ಸರಕಿಗೆ ಹೇಗೋ ಹಾಗೆಯೇ ಯಾತ್ರಿಕನಿಗೂ ಗುರುತು, ಕಾಗದ, ಸರದಿ ಎಂಬ ಮೂರು ಬೇಕಾಗಿವೆ.

ಹಿಂದಿನ ಕಾಲವನ್ನು ನೆನೆದರೆ ಈಗಿನ ಏರ್ಪಾಡಿನ ಬೆಲೆ ತಿಳಿಯುತ್ತದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಗುವುದಕ್ಕೆ ಮುಂಚೆ ಮಂಗಳೂರಿಗೆ ಬಂದ ದೊಡ್ಡ ಹಡಗುಗಳು ನದಿಯ ಅಳಿವೆಯನ್ನು ದಾಟಲಾರದೆ ಹೊರಗಣ ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಜನರೂ ಸಾಮಾನೂ ಅಲೆಗಳ ಮೇಲೆ ತೂಗಾಡುವ ದೋಣಿಗಳಿಗೆ ಇಳಿದು ದಡವನ್ನು ಸೇರಬೇಕಾಗಿದ್ದಿತು. ಈಗ ಹಡಗು ಧಕ್ಕೆಗೆ, ಎಂದರೆ ರೇವಿನ ಕಟ್ಟೆಗೆ, ತಗುಲಿ ನಿಲ್ಲುತ್ತದೆ. ನಾವು ಸೇತುವೆಯ ಮೇಲೆ ನಡೆದು ನೆಲವನ್ನು ಮುಟ್ಟುತ್ತೇವೆ.

ಇನ್ನು ಹಿಂದಿನ ದಿನದ ಕೆಲಸ. ಯಾತ್ರೆ ಮುಗಿಯುವುದಕ್ಕೆ ಒಂದೆರಡು ದಿನ ಮುಂಚೆ ಕೊಠಡಿಗೆ ಒಂದು ತಿಳಿವಳಿಕೆಯ ಕಾಗದವೂ ಬಣ್ಣದ ಅಥವಾ ಅಂಕೆಯುಳ್ಳ ಚೀಟಿಗಳೂ ಬರುತ್ತವೆ; ಕೆಲವು ಹಡಗುಗಳಲ್ಲಿ ಕಾಗದಕ್ಕೆ ಬದಲಾಗಿ ಫೋನಿಗೆ ಸೂಚನೆ ಬರುತ್ತದೆ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಮನೆಯ ಹಿರಿಯರು ಪಕ್ಕಕ್ಕಿಡುವುದುಂಟು. ಹೈಸ್ಕೂಲಿನಲ್ಲಿ ಓದುವ ಹುಡುಗಿ ಮಾಡತಕ್ಕ ಉಪಕಾರವು ಇಲ್ಲಿಯೇ ಇದೆ. ಆ ಕಾಗದವನ್ನು ಒಂದು ಸಲವಲ್ಲ, ಎರಡು ಸಲ ಓದಿ, ಅಜ್ಜಿಗೂ ತಾಯಿಗೂ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ನಮ್ಮ ಗುಂಪಿನ ಬಣ್ಣ ಅಥವಾ ಅಂಕೆ ಯಾವುದು, ಕೊಠಡಿಯನ್ನು ಎಷ್ಟು ಗಂಟೆಗೆ ಬಿಡಬೇಕು, ಎಲ್ಲಿ ಕುಳಿತಿರಬೇಕು ಎಂಬ ಮೂರು ಸಂಗತಿಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಚೀಟಿಯನ್ನು ಪ್ರತಿಯೊಂದು ದೊಡ್ಡ ಪೆಟ್ಟಿಗೆಗೂ ಕಟ್ಟಿ, ಹೆಸರನ್ನೂ ಫೋನ್ ನಂಬರನ್ನೂ ಬರೆದು, ರಾತ್ರಿ ಹೇಳಿದ ಹೊತ್ತಿನೊಳಗೆ ಕೊಠಡಿಯ ಬಾಗಿಲ ಹೊರಗೆ ಇಡತಕ್ಕದ್ದು. ಆಳುಗಳು ರಾತ್ರಿಯೇ ಅವನ್ನು ಒಯ್ದು ಬಣ್ಣಬಣ್ಣವಾಗಿ ವಿಂಗಡಿಸುತ್ತಾರೆ. ಹೀಗೆ ಹೋದ ಪೆಟ್ಟಿಗೆಯು ಮಾರನೆಯ ದಿನ ರೇವಿನ ಕಟ್ಟಡದಲ್ಲಲ್ಲದೆ ನಡುವೆ ಎಲ್ಲಿಯೂ ನಮ್ಮ ಕೈಗೆ ಸಿಕ್ಕದು. ಈ ಒಂದು ಮಾತನ್ನು ಮರೆತವರೇ ಕಷ್ಟಕ್ಕೆ ಗುರಿಯಾಗುತ್ತಾರೆ. ಎಲ್ಲ ಬಟ್ಟೆಗಳನ್ನೂ ಅಚ್ಚುಕಟ್ಟಾಗಿ ಮಡಿಸಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿ, ಬೆಳಿಗ್ಗೆ ಉಡಲು ಸೀರೆಯಿಲ್ಲದೆ ರಾತ್ರಿಯ ಉಡುಪಿನಲ್ಲಿಯೇ ನಿಂತರೆ ಕೇಳಿದವರಿಗೆ ನಗು. ಸಕ್ಕರೆಕಾಯಿಲೆಯ ಅಜ್ಜಿಯ ಇನ್ಸುಲಿನ್ನೋ, ರಕ್ತದೊತ್ತಡದ ಮಾತ್ರೆಯೋ ಆ ಪೆಟ್ಟಿಗೆಯೊಳಗೆ ಹೋದರೆ ಅದು ನಗುವ ಮಾತಲ್ಲ. ಬೆಳಗಿನ ಊಟ ಒಂದು ಹೊತ್ತಿಗೆ, ಔಷಧ ಇನ್ನೊಂದು ಹೊತ್ತಿಗೆ ಆದರೆ ಅಪಾಯವೂ ಸಂಭವಿಸಬಹುದು. ಆದುದರಿಂದ ಕೈಚೀಲವೊಂದನ್ನು ಬೇರೆ ಸಿದ್ಧಪಡಿಸಬೇಕು. ಅದರಲ್ಲಿ ಎರಡು ದಿನಕ್ಕೆ ಸಾಲುವ ಔಷಧ, ಪಾಸ್‌ಪೋರ್ಟು ಮತ್ತು ಇತರ ಕಾಗದಗಳು, ಹಣ, ಒಡವೆ, ಕನ್ನಡಕ, ಫೋನಿನ ಚಾರ್ಜರು, ಮಗುವಿನ ಆಹಾರ, ಮರುದಿನದ ಉಡುಪು ಮತ್ತು ಚಪ್ಪಲಿ ಇರತಕ್ಕದ್ದು. ಮೊದಲು ಕೈಚೀಲವನ್ನು ತುಂಬಿ, ಬಳಿಕ ಪೆಟ್ಟಿಗೆಯನ್ನು ಮುಚ್ಚುವುದು ಸರಿಯಾದ ಕ್ರಮ.

ತಮ್ಮ ಸಾಮಾನನ್ನು ತಾವೇ ಹೊತ್ತು ಇಳಿಯುತ್ತೇವೆಂಬವರಿಗೆ ಅನೇಕ ಹಡಗುಗಳಲ್ಲಿ ಅವಕಾಶವುಂಟು. ಅವರನ್ನು ಎಲ್ಲರಿಗಿಂತ ಮುಂಚೆ ಬಿಡುವುದು ವಾಡಿಕೆ. ಆ ಹೊತ್ತಿನಲ್ಲಿ ಲಿಫ್ಟುಗಳು ತುಂಬಿರುವುದರಿಂದ ಮೆಟ್ಟಿಲುಗಳಲ್ಲಿ ಪೆಟ್ಟಿಗೆಯನ್ನು ಎತ್ತಬಲ್ಲವರಿಗೆ ಮಾತ್ರ ಇದು ತಕ್ಕದ್ದು. ವೃದ್ಧರೂ ಎಳೆಯ ಮಕ್ಕಳೂ ಜೊತೆಯಲ್ಲಿದ್ದರೆ ಬಣ್ಣದ ಚೀಟಿಯ ದಾರಿಯೇ ಲೇಸು. ಗಾಲಿಕುರ್ಚಿ ಬೇಕಾದವರು ಹಿಂದಿನ ದಿನವೇ ಹಡಗಿನ ಕಚೇರಿಯಲ್ಲಿ ತಿಳಿಸಿರಬೇಕು.

ಎರಡನೆಯದು ಲೆಕ್ಕ. ವಿಹಾರದ ಹಡಗಿನೊಳಗೆ ಸಾಮಾನ್ಯವಾಗಿ ರೊಕ್ಕದ ವ್ಯವಹಾರವಿಲ್ಲ. ಕೊಠಡಿಯ ಕಾರ್ಡನ್ನು ತೋರಿಸಿ ಕೊಂಡುದೆಲ್ಲವೂ ಒಂದು ಖಾತೆಯಲ್ಲಿ ಸೇರುತ್ತದೆ. ಕೈಯಿಂದ ಕಾಸು ಹೋಗದ ಕಾರಣ ಎಷ್ಟು ಖರ್ಚಾಯಿತೆಂಬುದು ಮಕ್ಕಳಿಗಿರಲಿ, ದೊಡ್ಡವರಿಗೂ ತಿಳಿಯುವುದಿಲ್ಲ. ಕಡೆಯ ರಾತ್ರಿ ಬರುವ ಲೆಕ್ಕದ ಪಟ್ಟಿಯನ್ನು ಸಾಲುಸಾಲಾಗಿ ಓದಬೇಕು. ನಾವು ಕೊಳ್ಳದ ವಸ್ತು ಕಂಡುಬಂದರೆ ಅಂದೇ ಕಚೇರಿಗೆ ಹೋಗಿ ಕೇಳಬೇಕು. ಬೆಳಿಗ್ಗೆ ಅಲ್ಲಿ ಉದ್ದವಾದ ಸಾಲು ನಿಂತಿರುತ್ತದೆ. ಇಳಿದುಹೋದ ಮೇಲೆ ಪತ್ರವ್ಯವಹಾರವೊಂದೇ ಗತಿ. ಸೇವಕರ ಇನಾಮು ಅನೇಕ ಹಡಗುಗಳಲ್ಲಿ ದಿನವೊಂದಕ್ಕೆ, ತಲೆಯೊಂದಕ್ಕೆ ಇಷ್ಟೆಂದು ಪಟ್ಟಿಯಲ್ಲಿಯೇ ಸೇರಿರುತ್ತದೆ. ಬ್ಯಾಂಕಿನ ಕಾರ್ಡಿನಲ್ಲಿ ಮುಂಗಡವಾಗಿ ತಡೆಹಿಡಿದ ಹಣವು ಬಿಡುಗಡೆಯಾಗಲು ಕೆಲವು ದಿನಗಳು ಹಿಡಿಯುವುದುಂಟು. ಆ ಹಣವನ್ನೇ ನಂಬಿ ಊರಿಗೆ ಹೋಗುವ ಟಿಕೆಟ್ಟನ್ನು ಕೊಳ್ಳಲು ಕಾದಿರಬಾರದು. ನಡುಗಡಲಿನಲ್ಲಿ ಫೋನು ಹಡಗಿನ ಸ್ವಂತ ಜಾಲಕ್ಕೆ ಸೇರಿಕೊಂಡರೆ ದುಬಾರಿ ಶುಲ್ಕ ಬೀಳುತ್ತದೆ. ದಡದ ಕಟ್ಟಡಗಳು ಕಂಡೊಡನೆ ಅವಸರದಿಂದ ಫೋನನ್ನು ತೆರೆಯದೆ, ನಮ್ಮ ದೇಶದ ಜಾಲವೇ ಬಂದಿದೆಯೆಂದು ನೋಡಿ ತೆರೆಯಬೇಕು.

ಮೂರನೆಯದು ಕಾಗದಗಳು. ಮನೆಯಲ್ಲಿಯೇ ನೋಡಿಕೊಂಡು ಹೊರಡಬೇಕಾದ ಒಂದು ವಿಷಯವು ಇಲ್ಲಿದೆ. ಸಿಂಗಪುರದಿಂದ ಹೊರಟು ಮಲೇಷ್ಯದ ಪಿನಾಂಗ್ ಮುಂತಾದ ರೇವುಗಳನ್ನು ನೋಡಿ ಸಿಂಗಪುರಕ್ಕೇ ಮರಳುವ ಹಡಗುಗಳಲ್ಲಿ ನಮ್ಮವರು ಹೆಚ್ಚಾಗಿ ಹೋಗುತ್ತಾರೆ. ಬೆಂಗಳೂರಿನಿಂದ ವಿಮಾನದಲ್ಲಿ ಬಂದುದು ಒಂದು ಪ್ರವೇಶ. ಹಡಗಿನಿಂದ ಮರಳಿ ಇಳಿಯುವುದು ಆ ದೇಶದ ದೃಷ್ಟಿಯಲ್ಲಿ ಮತ್ತೊಂದು ಪ್ರವೇಶ. ಆದುದರಿಂದ ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾ ಸಾಲದು. ಆಗಮನದ ವಿವರಪತ್ರವನ್ನೂ ಇಳಿಯುವ ದಿನಕ್ಕೆ ಸರಿಯಾಗಿ ಎರಡನೆಯ ಸಲ ತುಂಬಬೇಕು. ಕೆಲವು ಯಾತ್ರೆಗಳಲ್ಲಿ ಹಡಗಿನವರು ಪಾಸ್‌ಪೋರ್ಟುಗಳನ್ನು ತಮ್ಮ ವಶದಲ್ಲಿಟ್ಟುಕೊಂಡಿರುತ್ತಾರೆ; ಅವನ್ನು ಎಂದು, ಎಲ್ಲಿ ಹಿಂದಕ್ಕೆ ಕೊಡುತ್ತಾರೆಂದು ತಿಳಿದು, ಪ್ರತಿಯೊಬ್ಬರ ಪುಸ್ತಕವೂ ಬಂದಿದೆಯೆಂದು ಎಣಿಸಿ ತೆಗೆದುಕೊಳ್ಳಬೇಕು. ಸಿಂಗಪುರದ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದನ್ನೂ ಮರೆಯಬಾರದು.

ಇಳಿಯುವ ದಿನ ಬೆಳಿಗ್ಗೆ ಉಪಾಹಾರವು ಎಂದಿಗಿಂತ ಬೇಗ ಮುಗಿಯುತ್ತದೆ. ಸುಮಾರು ಎಂಟು ಗಂಟೆಗೆ, ಕೆಲವೆಡೆ ಅದಕ್ಕೂ ಮುಂಚೆ, ಕೊಠಡಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಹೊರಡುವ ಮುನ್ನ ಕಬ್ಬಿಣದ ಪೆಟ್ಟಿಗೆ, ಸ್ನಾನದ ಮನೆ, ಹಾಸಿಗೆಯ ಅಡಿ, ಗೋಡೆಯ ವಿದ್ಯುತ್ ಬಿಲ್ಲೆ ಇವನ್ನು ಒಬ್ಬರು ನೋಡಿದುದನ್ನು ಇನ್ನೊಬ್ಬರು ಮತ್ತೆ ನೋಡಬೇಕು. ಬಳಿಕ ಹೇಳಿದ ಸಭಾಂಗಣದಲ್ಲಿ ಕುಳಿತು ನಮ್ಮ ಬಣ್ಣವನ್ನು ಕರೆಯುವವರೆಗೆ ಕಾಯಬೇಕು. ಹಡಗು ನಿಂತ ಕ್ಷಣವೇ ಯಾರನ್ನೂ ಬಿಡಲಾಗುವುದಿಲ್ಲ. ರೇವಿನ ಅಧಿಕಾರಿಗಳ ಅಪ್ಪಣೆ ದೊರೆತ ಮೇಲೆಯೇ ಬಾಗಿಲು ತೆರೆಯುತ್ತದೆ. ಬಾಗಿಲಲ್ಲಿ ಕಾರ್ಡನ್ನು ಕಡೆಯ ಸಲ ಯಂತ್ರಕ್ಕೆ ತೋರಿಸುತ್ತೇವೆ. ಅಲ್ಲಿಂದ ಮುಂದೆ ಹೋದವರು ಮರೆತ ವಸ್ತುವಿಗಾಗಿ ಮರಳಿ ಒಳಗೆ ಹೋಗುವುದು ಸಾಧ್ಯವಿಲ್ಲ.

ರೇವಿನ ಕಟ್ಟಡದಲ್ಲಿ ಪೆಟ್ಟಿಗೆಗಳನ್ನು ಬಣ್ಣಕ್ಕನುಸಾರವಾಗಿ ಸಾಲಾಗಿ ಇಟ್ಟಿರುತ್ತಾರೆ. ಒಂದೇ ಅಂಗಡಿಯ ಕಪ್ಪು ಪೆಟ್ಟಿಗೆಗಳು ನೂರಾರು ಇರುವುದರಿಂದ ಹೆಸರನ್ನು ಓದದೆ ಎತ್ತಬಾರದು. ಹಿಡಿಕೆಗೆ ಒಂದು ಕೆಂಪು ರಿಬ್ಬನ್ನು ಕಟ್ಟಿದ್ದರೆ ಬಹಳ ಅನುಕೂಲ. ಪೆಟ್ಟಿಗೆ ಒಡೆದಿದ್ದರೂ ಕಾಣದಿದ್ದರೂ ಆ ಕಟ್ಟಡವನ್ನು ಬಿಡುವುದಕ್ಕೆ ಮುಂಚೆಯೇ ದೂರು ಬರೆಸಬೇಕು. ಹೊರದೇಶದಿಂದ ಬಂದ ಯಾತ್ರೆಯಾದರೆ ಪಾಸ್‌ಪೋರ್ಟು ನೋಡುವ ಅಧಿಕಾರಿಗಳನ್ನೂ ಸುಂಕದ ಕಟ್ಟೆಯನ್ನೂ ದಾಟಬೇಕು. ಸುಂಕ ತೆರಬೇಕಾದ ವಸ್ತುವುಳ್ಳವರಿಗೆ ಕೆಂಪು ದಾರಿ, ಇಲ್ಲದವರಿಗೆ ಹಸುರು ದಾರಿ. ಚಿನ್ನ, ಮದ್ಯ, ಬೆಲೆಬಾಳುವ ಯಂತ್ರಗಳಿಗೆ ಮಿತಿಗಳುಂಟು. ಅವು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನವೇ ಸರಕಾರದ ಪ್ರಕಟಣೆಯನ್ನು ಓದಿಕೊಳ್ಳಬೇಕು. ಉಪಾಹಾರದ ಮೇಜಿನಿಂದ ಹಣ್ಣನ್ನೋ ಮಾಂಸದ ಪದಾರ್ಥವನ್ನೋ ಕೈಚೀಲಕ್ಕೆ ಹಾಕಿಕೊಳ್ಳುವುದು ಸಣ್ಣ ಮಾತೆಂದು ಕೆಲವರು ತಿಳಿಯುತ್ತಾರೆ. ಆದರೆ ಪರದೇಶದ ಕ್ರಿಮಿರೋಗಗಳು ಬೆಳೆಗೂ ಜಾನುವಾರಿಗೂ ತಗುಲುವುದು ಇಂಥ ವಸ್ತುಗಳಿಂದಲೇ ಆದಕಾರಣ ಅನೇಕ ದೇಶಗಳು ಇದನ್ನು ನಿಷೇಧಿಸಿವೆ.

ಇನ್ನು ಊರಿನ ದಾರಿ. ಚೆನ್ನೈಯಲ್ಲಿ ಇಳಿದವರು ಬೆಳಿಗ್ಗೆ ಹೊರಡುವ ಬೃಂದಾವನ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ಟು ಕೊಂಡರೆ ರೈಲು ತಪ್ಪುವುದು ಬಹುಮಟ್ಟಿಗೆ ಖಂಡಿತ. ಮಧ್ಯಾಹ್ನದ ನಂತರ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಂಥ ರೈಲೇ ಕ್ಷೇಮ. ವಿಮಾನಕ್ಕೂ ಇದೇ ನಿಯಮ. ಮಂಜೋ ಬಿರುಗಾಳಿಯೋ ಬಂದು ಹಡಗು ಎರಡು ಗಂಟೆ ತಡವಾದರೂ ಕೆಡದಂತಹ ಹೊತ್ತನ್ನು ಆರಿಸಿಕೊಳ್ಳಬೇಕು. ಚೆನ್ನೈಯಿಂದ ಬರುವ ಹಲವು ರೈಲುಗಳು ಕೃಷ್ಣರಾಜಪುರದಲ್ಲಿ ನಿಲ್ಲುತ್ತವೆ. ವೈಟ್‌ಫೀಲ್ಡಿನವರು ಅಲ್ಲಿ ಇಳಿದು, 2023ರಿಂದ ಓಡುತ್ತಿರುವ ನೇರಳೆ ಮಾರ್ಗದ ಮೆಟ್ರೋವನ್ನು ಹಿಡಿಯಬಹುದು. ಪೀಣ್ಯದವರು ಮೆಜೆಸ್ಟಿಕ್‌ನಿಂದ ಹಸುರು ಮಾರ್ಗದಲ್ಲಿ ಹೋಗಬೇಕು; ಇಲೆಕ್ಟ್ರಾನಿಕ್ ಸಿಟಿಯವರು ಅದೇ ಮಾರ್ಗದಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯವರೆಗೆ ಬಂದು, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು. ಮೆಟ್ರೋದಲ್ಲಿ ಸಾಮಾನಿನ ಅಳತೆಗೆ ಮಿತಿಯುಂಟೆಂಬುದನ್ನು ಪೆಟ್ಟಿಗೆಯನ್ನು ಕೊಳ್ಳುವಾಗಲೇ ನೆನೆಯಬೇಕು.

ಮನೆ ಸೇರಿದ ಮೇಲೆಯೂ ಒಂದು ಸಂಗತಿ ಉಳಿದಿದೆ. ನೆಲದ ಮೇಲೆ ನಿಂತರೂ ತೊಟ್ಟಿಲಿನಲ್ಲಿದ್ದಂತೆ ದೇಹವು ತೂಗುತ್ತಿರುವ ಭಾವನೆ ಕೆಲವರಿಗೆ ಉಂಟಾಗುತ್ತದೆ. ಇದಕ್ಕೆ ಹೆದರಬೇಕಾದುದಿಲ್ಲ. ಕಿವಿಯ ಒಳಗಣ ಸಮತೋಲದ ಅವಯವವೂ ಮೆದುಳೂ ಹಡಗಿನ ಚಲನೆಗೆ ಒಗ್ಗಿಕೊಂಡಿದ್ದು, ಸ್ಥಿರವಾದ ನೆಲಕ್ಕೆ ಮತ್ತೆ ಒಗ್ಗಲು ಸ್ವಲ್ಪ ಕಾಲ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅದು ತಾನಾಗಿ ಹೋಗುತ್ತದೆ. ವಾರಗಟ್ಟಲೆ ನಿಲ್ಲುವುದು ಅಪರೂಪ. ನಿಂತರೆ ವೈದ್ಯರನ್ನು ಕಾಣಬೇಕು. ಆದರೆ ಪೀಣ್ಯದ ಕಾರ್ಖಾನೆಯಲ್ಲಿ ತಿರುಗುವ ಯಂತ್ರದ ಮುಂದೆ ನಿಲ್ಲುವ ತಂದೆಯೂ, ಹೊಸೂರು ರಸ್ತೆಯಲ್ಲಿ ಸ್ಕೂಟರು ನಡೆಸಿಕೊಂಡು ಕೆಲಸಕ್ಕೆ ಹೋಗುವ ಅಕ್ಕನೂ ಇಳಿದ ಮರುದಿನವೇ ಕೆಲಸಕ್ಕೆ ಹೊರಡದೆ, ನೆಲವು ನಿಲ್ಲುವವರೆಗೆ ಒಂದು ದಿನ ಮನೆಯಲ್ಲಿರುವಂತೆ ರಜೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಉತ್ತಮ. ಕೂದಲೆಳೆಯಷ್ಟು ತಪ್ಪಿದರೂ ಕೈಬೆರಳು ಹೋಗುವ ಕೆಲಸದಲ್ಲಿ ತೂಗುವ ತಲೆಯೊಡನೆ ನಿಲ್ಲಬಾರದು.

ನಾವು ಇಳಿದ ದಿನ ಹಡಗಿನ ಕೆಲಸಗಾರರಿಗೆ ಬಿಡುವೆಂಬುದಿಲ್ಲ. ನಮ್ಮ ಹಾಸಿಗೆಯನ್ನು ಹಾಸಿದವರು ಅದೇ ಮಧ್ಯಾಹ್ನದೊಳಗೆ ಹೊಸಬರಿಗಾಗಿ ಮತ್ತೆ ಹಾಸಬೇಕು. ನಾವು ಹತ್ತು ನಿಮಿಷ ತಡಮಾಡಿದರೆ ಅದು ಅವರ ಊಟದ ಹೊತ್ತಿನಿಂದಲೇ ಕಳೆಯುತ್ತದೆ. ಕೊಠಡಿಯನ್ನು ಹೇಳಿದ ಹೊತ್ತಿಗೆ ಬಿಟ್ಟುಕೊಟ್ಟು, ಎದುರಿಗೆ ಸಿಕ್ಕಿದವರಿಗೆ ಒಂದು ಕೃತಜ್ಞತೆಯ ಮಾತನ್ನು ಹೇಳಿ ಇಳಿಯುವುದು ಯೋಗ್ಯ. ಮುಂದಿನ ರಜೆಯಲ್ಲಿ ಹಡಗನ್ನೇರುವ ವಾಚಕರು ಕಡೆಯ ರಾತ್ರಿ ಪೆಟ್ಟಿಗೆಯ ಬೀಗವನ್ನು ಹಾಕುವುದಕ್ಕೆ ಮುಂಚೆ ಅಜ್ಜಿಯ ಔಷಧವು ಕೈಚೀಲದಲ್ಲಿದೆಯೇ ಎಂದು ಒಂದು ಸಲ ಮುಟ್ಟಿನೋಡಿಕೊಳ್ಳಲೆಂದು ಕೋರುತ್ತೇವೆ.