ದನಗಳ ಹುಳಬಾಧೆ: ಮದ್ದು ಯಾವುದು, ಎಷ್ಟು, ಯಾವಾಗ?



ಎತ್ತಿಗೆ ಜ್ವರವಿಲ್ಲ, ಕಾಲುಬಾಯಿ ಬೇನೆಯಿಲ್ಲ. ಮೇವು ಹಾಕಿದರೆ ತಿನ್ನುತ್ತದೆ. ಆದರೂ ದಿನದಿಂದ ದಿನಕ್ಕೆ ಸೊರಗುತ್ತದೆ, ಮೈಗೂದಲು ಒರಟಾಗುತ್ತದೆ, ನಾಲ್ಕು ಸಾಲು ಕುಂಟೆ ಎಳೆಯುವುದರೊಳಗೆ ಏದುಸಿರು ಬಿಡುತ್ತದೆ. ಎಮ್ಮೆಯಾದರೆ ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. "ಯಾರದೋ ದೃಷ್ಟಿ ತಾಗೇತಿ" ಎಂದು ಕೊರಳಿಗೆ ಕರಿದಾರ ಕಟ್ಟುವವರುಂಟು. ಇನ್ನು ಕೆಲವರು ಪ್ಯಾಟಿಯಿಂದ ಯಾವುದೋ ಹುಳದ ಔಷಧ ತಂದು ಗೊಟ್ಟ ಹಾಕುತ್ತಾರೆ. ನಾಲ್ಕು ದಿನ ಚಲೋ ಕಾಣುತ್ತದೆ. ಎರಡು ಮೂರು ತಿಂಗಳಿಗೆ ಮತ್ತೆ ಅದೇ ಹಾಡು. ಆಗ "ಔಷಧದಾಗ ಏನೂ ಇಲ್ಲರಿ" ಎಂಬ ಮಾತು ಬರುತ್ತದೆ.

ಔಷಧದಲ್ಲಿ ಗುಣವಿದೆ. ಆದರೆ ಹುಳದ ಜಾತಿ ತಿಳಿಯದೆ, ದನದ ತೂಕ ನೋಡದೆ, ಹಂಗಾಮು ಲೆಕ್ಕಿಸದೆ ಹಾಕಿದ ಔಷಧ ಹದವಿಲ್ಲದ ಹೊಲಕ್ಕೆ ಚೆಲ್ಲಿದ ಬೀಜವಿದ್ದಂತೆ.

ಹುಳಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹೊಟ್ಟೆ ಮತ್ತು ಕರುಳಿನಲ್ಲಿ ಇರುವ ದುಂಡುಹುಳ. ಇದು ಮಳೆಗಾಲದ ಹಸಿ ಹುಲ್ಲಿನ ಮೂಲಕ ಎಲ್ಲಿ ಬೇಕಾದರೂ ಬರಬಹುದು. ಇನ್ನೊಂದು ಎಲೆಹುಳ. ನೋಡಲು ಎಲೆಯಂತೆ ಚಪ್ಪಟೆ, ಒಂದೂವರೆ ಎರಡು ಇಂಚು ಉದ್ದ. ಇದರ ಮನೆ ಕಾಳಿಜ, ಅಂದರೆ ಪಿತ್ತಜನಕಾಂಗ. ಒಂದು ಬಗೆಗೆ ಕೊಡುವ ಔಷಧ ಇನ್ನೊಂದಕ್ಕೆ ತಾಗಲೇಬೇಕೆಂದಿಲ್ಲ.

ಎಲೆಹುಳಕ್ಕೆ ನೀರು ಬೇಕು, ನೀರಿನ ಬಸವನಹುಳವೂ ಬೇಕು. ದನ ಹಾಕಿದ ಸಗಣಿಯಲ್ಲಿ ಹುಳದ ತತ್ತಿ ಇರುತ್ತದೆ. ಅದು ನೀರಿಗೆ ಬಿದ್ದರೆ ಎರಡು ಮೂರು ವಾರಗಳಲ್ಲಿ ಒಡೆದು, ಕಣ್ಣಿಗೆ ಕಾಣದ ಮರಿ ಈಜುತ್ತ ಹೋಗಿ ಬಸವನಹುಳದ ಮೈ ಹೊಗುತ್ತದೆ. ಅಲ್ಲಿ ಒಂದು ನೂರಾರಾಗಿ, ಹೊರಗೆ ಬಂದು, ನೀರಂಚಿನ ಹುಲ್ಲಿಗೆ ಅಂಟಿ, ಚಿಪ್ಪು ಕಟ್ಟಿಕೊಂಡು ಕೂಡುತ್ತದೆ. ಆ ಹುಲ್ಲನ್ನು ದನ ಮೇಯ್ದರೆ ಮರಿ ಕರುಳನ್ನು ತೂರಿ ಕಾಳಿಜಕ್ಕೆ ಹೋಗುತ್ತದೆ. ಕುರಿಯ ಎಲೆಹುಳದ ಈ ಸುತ್ತನ್ನು ೧೮೮೩ರ ಹೊತ್ತಿಗೆ ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಬೇರೆ ಬೇರೆಯಾಗಿ ಕಂಡುಹಿಡಿದರು. ನಮ್ಮ ದನಗಳ ಎಲೆಹುಳದ ಬಾಳೂ ಇದೇ ರೀತಿಯದು.

"ನಮ್ಮದು ಎರೆಹೊಲದ ಒಣಸೀಮೆ, ನಮಗೇಕೆ ಈ ರೋಗ?" ಎಂದು ಕೇಳಬಹುದು. ಗದಗ-ಬೆಟಗೇರಿಯ ಸುತ್ತ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಮಳೆ ಕಡಿಮೆ ಎಂಬುದು ನಿಜ. ಆದರೆ ಬೇಸಿಗೆಯಲ್ಲಿ ಮಡ್ಡಿಯ ಹುಲ್ಲು ಒಣಗಿದಾಗ ಊರ ದನವೆಲ್ಲ ಎಲ್ಲಿಗೆ ಹೋಗುತ್ತದೆ? ಕೆರೆಯಂಗಳಕ್ಕೆ, ಹಳ್ಳದ ದಂಡೆಗೆ. ಡಂಬಳದ ಕೆರೆ ಇರಲಿ, ಮಾಗಡಿಯ ಕೆರೆ ಇರಲಿ, ತುಂಗಭದ್ರೆಯ ದಂಡೆ ಇರಲಿ, ಹಸಿರು ಉಳಿದ ಜಾಗ ಅದೊಂದೇ. ಎಲ್ಲ ದನ, ಕುರಿ, ಆಡು ಅಲ್ಲೇ ಮೇಯುತ್ತವೆ, ಅಲ್ಲೇ ಸಗಣಿ ಹಾಕುತ್ತವೆ. ಸಿಂಗಟಾಲೂರು ಏತ ನೀರಾವರಿಯಂಥ ಯೋಜನೆಗಳಿಂದ ಕಾಲುವೆ ನೀರು ಬಂದಲ್ಲಿ ನೀರು ನಿಂತು ಜವುಳಾದರೆ ಅಲ್ಲಿಯೂ ಇದೇ ಭಯ.

ಗುರುತು ಹೇಗೆ? ಕಣ್ಣಿನ ರೆಪ್ಪೆ ಬಿಡಿಸಿ ನೋಡಿರಿ. ಕೆಂಪಗಿರಬೇಕಾದ ಒಳಭಾಗ ಬೆಳ್ಳಗೆ ಕಂಡರೆ ರಕ್ತ ಕಡಿಮೆಯಾಗಿದೆ ಎಂದರ್ಥ. ರೋಗ ಬಲಿತಾಗ ಗದ್ದದ ಕೆಳಗೆ ನೀರು ತುಂಬಿ ಚೀಲ ಜೋತಂತೆ ಬಾವು ಬರುತ್ತದೆ. ಒಮ್ಮೆ ಉಚ್ಚಾಟ, ಒಮ್ಮೆ ಮಲಬದ್ಧತೆ. ಕುರಿಗಳಲ್ಲಿ ಮಾತ್ರ, ಎಳೆ ಹುಳಗಳು ಬಹಳವಾದರೆ, ಯಾವ ಗುರುತೂ ತೋರದೆ ಒಮ್ಮೆಲೆ ಸಾವು ಬರಬಹುದು. ಈ ಚಿಹ್ನೆಗಳು ಬೇರೆ ರೋಗದಲ್ಲಿಯೂ ಇರುವುದರಿಂದ ಸಗಣಿ ಪರೀಕ್ಷೆ ಮಾಡಿಸುವುದು ಲೇಸು. ಅಂದಿನ ತಾಜಾ ಸಗಣಿಯನ್ನು ಸ್ವಚ್ಛ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ದುಂಡುಹುಳದ ತತ್ತಿ ಹಗುರ, ಉಪ್ಪುನೀರಿನಲ್ಲಿ ತೇಲುತ್ತದೆ. ಎಲೆಹುಳದ ತತ್ತಿ ಭಾರ, ತಳಕ್ಕೆ ಇಳಿಯುತ್ತದೆ. ಆದ್ದರಿಂದ "ಎರಡೂ ಬಗೆ ನೋಡ್ರಿ ಸಾಹೇಬರ" ಎಂದು ಕೇಳಿಕೊಳ್ಳಿರಿ.

ಇನ್ನು ಔಷಧದ ಮಾತು. ದುಂಡುಹುಳಕ್ಕೆ ಫೆನ್‌ಬೆಂಡಜೋಲ್ ಚಲೋ. ಎಲೆಹುಳಕ್ಕೆ ಇದನ್ನು ನಂಬಬೇಡಿರಿ. ಎಲೆಹುಳಕ್ಕೆ ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್ ಇವೆ. ಆಲ್ಬೆಂಡಜೋಲ್ ಎರಡಕ್ಕೂ ಬರುತ್ತದೆ, ಆದರೆ ಎಲೆಹುಳಕ್ಕೆ ಪ್ರಮಾಣ ಹೆಚ್ಚು ಬೇಕು. ಕಿಲೋ ತೂಕಕ್ಕೆ ೧೦ ಮಿಲಿಗ್ರಾಂ. ಇದನ್ನು ಗಬ್ಬವಾದ ಮೊದಲ ೪೫ ದಿನಗಳಲ್ಲಿ ಕೊಡಬಾರದು. ಹಿಂಡುವ ದನಕ್ಕೆ ಯಾವ ಔಷಧ ಸಲ್ಲುತ್ತದೆ, ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ವೈದ್ಯರನ್ನು ಕೇಳಿಯೇ ಕೊಡಿರಿ.

ಒಮ್ಮೆ ಗುಣವಾದ ದನ ಮತ್ತೆ ಯಾಕೆ ಸೊರಗುತ್ತದೆ? ಕಾರಣ ಇಲ್ಲಿದೆ. ಎಲೆಹುಳ ಬಲಿಯಲು ಸುಮಾರು ಮೂರು ತಿಂಗಳು ಬೇಕು. ಆಕ್ಸಿಕ್ಲೋಜನೈಡ್, ಆಲ್ಬೆಂಡಜೋಲ್ ಕೊಲ್ಲುವುದು ಬಲಿತ ಹುಳವನ್ನು. ಎಳೆಯವು ಕಾಳಿಜವನ್ನು ಕೊರೆಯುತ್ತ ಉಳಿದುಬಿಡುತ್ತವೆ. ಸಗಣಿಯಲ್ಲಿ ತತ್ತಿಯೂ ಕಾಣುವುದಿಲ್ಲ. ಟ್ರೈಕ್ಲಾಬೆಂಡಜೋಲ್ ಮಾತ್ರ ಎಳೆಯವನ್ನೂ ಕೊಲ್ಲುತ್ತದೆ. ಆದ್ದರಿಂದ ಬಾಧೆ ಇದ್ದ ದನಕ್ಕೆ ಹತ್ತು ಹನ್ನೆರಡು ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಔಷಧ ಹಾಕಿಸಬೇಕು.

ಪ್ರಮಾಣವನ್ನು ಕಣ್ಣಂದಾಜಿನಿಂದ ಹಾಕಬಾರದು. ತಕ್ಕಡಿ ಇಲ್ಲದಿದ್ದರೆ ಒಂದು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿರಿ. ಹೆಗಲ ಮುಂದಿನ ಎಲುಬಿನಿಂದ ಬಾಲದ ಬದಿಯ ಎಲುಬಿನವರೆಗಿನ ಉದ್ದದಿಂದ ಮತ್ತೆ ಗುಣಿಸಿ, ೬೬೦ರಿಂದ ಭಾಗಿಸಿರಿ. ಸುತ್ತಳತೆ ೬೦, ಉದ್ದ ೫೦ ಇಂಚು ಇದ್ದರೆ ತೂಕ ಸುಮಾರು ೨೭೩ ಕಿಲೋ. ಫೆನ್‌ಬೆಂಡಜೋಲ್ ಕಿಲೋಕ್ಕೆ ೫ ಮಿಲಿಗ್ರಾಂನಂತೆ ಈ ಎತ್ತಿಗೆ ೧,೩೬೫ ಮಿಲಿಗ್ರಾಂ ಬೇಕು. ಒಂದೂವರೆ ಗ್ರಾಂ ಗುಳಿಗೆಯನ್ನು ಉಳಿತಾಯಕ್ಕೆಂದು ಎರಡು ಎತ್ತುಗಳಿಗೆ ಹಂಚಿದರೆ ಹುಳ ಸಾಯುವುದಿಲ್ಲ. ಗಟ್ಟಿಯಾದವು ಉಳಿದು, ಮುಂದೆ ಪೂರ್ತಿ ಔಷಧಕ್ಕೂ ಬಗ್ಗದ ಸಂತಾನ ಹುಟ್ಟುತ್ತದೆ.

ಗೊಟ್ಟ ಹಾಕುವಾಗ ದನದ ಮುಖವನ್ನು ಆಕಾಶಕ್ಕೆ ಎತ್ತಬೇಡಿರಿ, ನಾಲಗೆ ಎಳೆದು ಹಿಡಿಯಬೇಡಿರಿ. ಔಷಧ ಶ್ವಾಸಕೋಶಕ್ಕೆ ಹೋದರೆ ದನ ಸಾಯಬಹುದು. ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪ ಹಾಕಿರಿ. ಕೆಮ್ಮಿದರೆ ತಲೆ ಬಿಡಿರಿ. ಮೈಲುತುತ್ತ, ತಂಬಾಕಿನ ನೀರು, ಸೀಮೆಎಣ್ಣೆ ಇವೆಲ್ಲ ವಿಷ. ಖಂಡಿತ ಬೇಡ.

ಎಮ್ಮೆಯ ಕರುವಿಗೆ ತಾಯಿಯ ಹಾಲಿನಿಂದಲೇ ದುಂಡುಹುಳ ಬರುತ್ತದೆ. ಹಾಗೆಂದು ಗಿಣ್ಣದ ಹಾಲು ತಪ್ಪಿಸಬೇಡಿರಿ. ಹುಟ್ಟಿದ ೧೦ರಿಂದ ೧೬ನೇ ದಿನದೊಳಗೆ ವೈದ್ಯರು ಹೇಳಿದ ಔಷಧ ಹಾಕಿರಿ. ಈ ಒಂದು ಕೆಲಸದಿಂದ ಎಷ್ಟೋ ಕರುಗಳು ಉಳಿಯುತ್ತವೆ.

ಹಂಗಾಮು ನೆನಪಿಡಲು ಮೂರು ಹುಣ್ಣಿಮೆ ಹಿಡಿಯಿರಿ. ಎತ್ತಿಗೆ ಬಣ್ಣ ಬಳಿಯುವ ಕಾರಹುಣ್ಣಿಮೆಗೆ ಮುಂಚೆ ಒಮ್ಮೆ. ಇದರಿಂದ ಮಳೆನೀರಿಗೆ ತತ್ತಿ ಹೋಗುವುದು ತಪ್ಪುತ್ತದೆ. ಮಳೆ ಹಿಂದಾದ ಮೇಲೆ ಗೌರಿಹುಣ್ಣಿಮೆಯ ಸುಮಾರಿಗೆ ಇನ್ನೊಮ್ಮೆ. ಕೆರೆಯಂಗಳದಲ್ಲಿ ಮೇಯುವ ದನಕ್ಕೆ ಹೋಳಿಹುಣ್ಣಿಮೆಗೆ ಮೂರನೆಯದು. ಒಬ್ಬರ ಮನೆಯ ದನಕ್ಕಷ್ಟೇ ಹಾಕಿದರೆ ಸಾಲದು. ಊರ ದನ, ಕುರಿ ಎಲ್ಲಕ್ಕೂ ಒಂದೇ ವಾರದಲ್ಲಿ ಹಾಕಿಸಿದರೆ ಕೆರೆಯ ದಂಡೆ ಸ್ವಚ್ಛವಾಗುತ್ತ ಬರುತ್ತದೆ.

ಔಷಧದ ಜೊತೆಗೆ ಹುಲ್ಲಿನ ಎಚ್ಚರವೂ ಬೇಕು. ನೀರಂಚಿನ ಹುಲ್ಲು ಕೊಯ್ಯುವಾಗ ಮುಳುಗಿದ ಬುಡ ಬಿಟ್ಟು ಮೇಲಿನ ಭಾಗ ಕೊಯ್ದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಹಾಕಿರಿ. ಕುಡಿಯುವ ನೀರಿಗೆ ದೋಣಿ ಕಟ್ಟಿಸಿರಿ. ಸಗಣಿಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿರಿ. ಆ ಕಾವಿಗೆ ತತ್ತಿ ಸಾಯುತ್ತದೆ. ಬಸವನಹುಳ ಕೊಲ್ಲಲು ಕೆರೆಗೆ ಮೈಲುತುತ್ತ ಹಾಕಬೇಡಿರಿ. ಮೀನಿಗೂ ಕುರಿಗೂ ಅದು ಕೇಡು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಬರುವ ಮಾಗಡಿ ಕೆರೆ ೨೦೨೪ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಅದನ್ನು ಕಾಯುವುದು ನಮ್ಮ ಕೆಲಸ.

ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ. ದನ ಮೇಲೇಳದಿದ್ದರೆ ೧೯೬೨ಕ್ಕೆ ಫೋನು ಮಾಡಿದರೆ ಪಶು ಸಂಚಾರಿ ವಾಹನದವರಿಗೆ ತಿಳಿಯುತ್ತದೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂರು ಹುಣ್ಣಿಮೆಗೆ ಇಂದೇ ಗುರುತು ಹಾಕಿರಿ. ಯಾವ ದನಕ್ಕೆ, ಯಾವ ಔಷಧ, ಎಷ್ಟು ಕೊಟ್ಟಿರಿ ಎಂಬುದನ್ನೂ ಅಲ್ಲೇ ಬರೆದಿಡಿರಿ.